“ಇದು ನನ್ನಂಥವರಿಗಲ್ಲ” ಅನ್ನಿಸಿ ಬೌದ್ಧ ಓದು ನಿಂತುಹೋಗುತ್ತಿದೆ. ನಿಮಗೂ ಹೀಗಾಗಿದೆಯಾ?

ಹಿಂದಿನ ಬೆಂಚು

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ಬುದ್ಧನ ಮಾತುಗಳ ಪದ್ಯಸಂಗ್ರಹ ಧಮ್ಮಪದದಿಂದ ಶುರು ಮಾಡಿದೆ. 423 ಗಾಥೆಗಳು, ಅವೂ ಚಿಕ್ಕ ಚಿಕ್ಕವು. ಖುಷಿಯಾಗಿತ್ತು. ಆಮೇಲೆ ಮಜ್ಝಿಮ ನಿಕಾಯ ಅನ್ನುವ ದೊಡ್ಡ ಪಾಲಿ ಸಂಗ್ರಹಕ್ಕೆ ಕೈ ಹಾಕಿದೆ. ಅಲ್ಲಿ 152 ಸುತ್ತಗಳು, ಅಂದರೆ ಉಪದೇಶಗಳು, ಇವೆ. ಸುತ್ತಗಳು ಕಷ್ಟ ಅಂತ ನಾನು ಹೇಳುತ್ತಿಲ್ಲ. ಓದುವಾಗೆಲ್ಲ ತಲೆಯೊಳಗೆ ಇನ್ನೊಂದು ಮಾತು ಓಡುತ್ತಿರುತ್ತದೆ: “ಇದೆಲ್ಲ ನಿನ್ನ ತಲೆಗೆ ಎಲ್ಲಿ ಹತ್ತಬೇಕು?” ಉದಾನ ಅನ್ನುವ ಪಾಲಿ ಗ್ರಂಥದಲ್ಲಿ ಬಾಹಿಯನ ಕಥೆ ಬರುತ್ತದೆ. ಭಿಕ್ಷೆಗೆ ಹೊರಟ ಬುದ್ಧನನ್ನು ದಾರಿಯಲ್ಲೇ ನಿಲ್ಲಿಸಿ ಕೇಳುತ್ತಾನೆ. ನಾಲ್ಕು ಮಾತು ಕೇಳಿಸಿಕೊಂಡು ಅಲ್ಲೇ ಮುಕ್ತನಾಗುತ್ತಾನೆ. ಇದನ್ನು ಓದಿದರೆ ಬೇರೆಯವರಿಗೆ ಹುರುಪು ಬರಬಹುದು. ನನಗೆ ಪುಸ್ತಕ ಮುಚ್ಚಿಡೋಣ ಅನ್ನಿಸುತ್ತದೆ.

ಒಂದು ಓದುವ ಗುಂಪಿಗೂ ಸೇರಿದ್ದೇನೆ. ಅಲ್ಲಿ ಪಟಿಚ್ಚಸಮುಪ್ಪಾದ, ಪಪಂಚ ಅಂತ ಎಲ್ಲರೂ ಮನೆಮಾತಿನಂತೆ ಆಡುತ್ತಾರೆ. ಧ್ಯಾನದಲ್ಲಿ ಏನೇನಾಯಿತು ಅಂತ ಹೇಳಿಕೊಳ್ಳುತ್ತಾರೆ. ನನ್ನ ಸರದಿ ಬಂದರೆ “ಈ ಸಲ ಬೇಡ, ಮುಂದಿನವರು ಹೇಳಲಿ” ಅಂದುಬಿಡುತ್ತೇನೆ. ಈ ಕೀಳರಿಮೆ ಹೊಸದಲ್ಲ, ಚಿಕ್ಕಂದಿನಿಂದ ಇದೆ. ಕೆಲಸದ ವಿಷಯದಲ್ಲಿ ಹೇಗೋ ನಿಭಾಯಿಸುತ್ತೇನೆ. ಆದರೆ ಇಲ್ಲಿ ಓದಬೇಕಾಗಿರುವುದೇ ನನ್ನ ಮನಸ್ಸನ್ನು. ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ಪ್ರಶ್ನೆ ಇಷ್ಟೇ. ಮೊದಲು ಈ ಕೀಳರಿಮೆ ಸರಿಮಾಡಿಕೊಂಡು ಆಮೇಲೆ ಓದಬೇಕಾ? ಇಲ್ಲ, ಇದನ್ನು ಇಟ್ಟುಕೊಂಡೇ ಓದಬಹುದಾ?

ಪಾಲಿಪ್ರಿಯ

ಇಟ್ಟುಕೊಂಡೇ ಓದಬಹುದು. ಇದಕ್ಕೆ ಪಾಲಿ ಗ್ರಂಥಗಳಲ್ಲೇ ಉತ್ತರ ಇದೆ.

ಬುದ್ಧ “ಮಾನ” ಎಂದು ಕರೆದದ್ದರಲ್ಲಿ, ಅಂದರೆ ಬೇರೆಯವರ ಜೊತೆ ತನ್ನನ್ನು ಅಳೆದುಕೊಳ್ಳುವ ಅಹಂಭಾವದಲ್ಲಿ, ಮೂರು ಬಗೆ. “ನಾನು ಅವನಿಗಿಂತ ಮೇಲು” ಅನ್ನುವುದು ಒಂದು. “ನಾನು ಅವನಿಗೆ ಸಮ” ಅನ್ನುವುದು ಇನ್ನೊಂದು. “ನಾನು ಅವನಿಗಿಂತ ಕೀಳು” ಅನ್ನುವುದು ಮೂರನೆಯದು. ಮೂರೂ ಒಂದೇ ಪಟ್ಟಿಯಲ್ಲಿವೆ. ಅಂದರೆ ತಪ್ಪು ಇರುವುದು ಅಳತೆಯ ಫಲಿತಾಂಶದಲ್ಲಿ ಅಲ್ಲ, “ನಾನು” ಅನ್ನುವುದನ್ನು ನಡುವೆ ನಿಲ್ಲಿಸಿ ಅಳೆಯಲು ಹೊರಡುವುದರಲ್ಲೇ.

ಇನ್ನೂ ಒಂದು ವಿಷಯ. ಹತ್ತು ಸಂಯೋಜನಗಳ, ಅಂದರೆ ಬಂಧನಗಳ, ಪಟ್ಟಿಯಲ್ಲಿ ಮಾನ ಎಂಟನೆಯದು. ಅದು ಪೂರ್ತಿ ಬಿಡುವುದು ಅರಹಂತನಾದಾಗ, ಅಂದರೆ ಪೂರ್ತಿ ಮುಕ್ತನಾದಾಗ ಮಾತ್ರ. ಮುಕ್ತಿಯ ಮೊದಲ ಮೆಟ್ಟಿಲು ಹತ್ತಿದ ಸೋತಾಪನ್ನನಲ್ಲೂ ಇರುತ್ತದೆ, ಅರಹಂತನಿಗಿಂತ ಒಂದೇ ಮೆಟ್ಟಿಲು ಕೆಳಗಿರುವ ಅನಾಗಾಮಿಯಲ್ಲೂ ಇರುತ್ತದೆ. ಸಂಯುತ್ತ ನಿಕಾಯದಲ್ಲಿ ಖೇಮಕ ಅನ್ನುವ ಭಿಕ್ಷು ಕಾಯಿಲೆ ಬಿದ್ದಿರುತ್ತಾನೆ. ಐದು ಬಂಧನ ಕಳಚಿಕೊಂಡವನು. ಆದರೂ “ನಾನು ಇದ್ದೇನೆ ಅನ್ನುವುದು ನನ್ನಲ್ಲಿ ಇನ್ನೂ ಹೋಗಿಲ್ಲ” ಅಂತ ಹಿರಿಯರಿಗೆ ನೇರವಾಗಿ ಹೇಳುತ್ತಾನೆ. ಮೊದಲು ಇದನ್ನು ಕಳೆದುಕೊಂಡು ಆಮೇಲೆ ಓದಬೇಕು ಅಂದರೆ ಅರಹಂತರು ಮಾತ್ರ ಓದಬೇಕಾಗುತ್ತದೆ, ಅಲ್ವಾ?

ತುಂತುರು

ಪಾಲಿಪ್ರಿಯ ಅವರೇ, ಹೇಳಿದ್ದು ಗ್ರಂಥದ ಪ್ರಕಾರ ಸರಿ. ಆದರೆ ಈ ಮಾತನ್ನು ಯಾರಿಗೆ ಹೇಳುತ್ತಿದ್ದೀರಿ ಅಂತ ಒಮ್ಮೆ ನೋಡಿ.

ಒಬ್ಬರು ಬಂದು “ನಾನು ಕೀಳು ಅನ್ನಿಸುತ್ತದೆ” ಅನ್ನುತ್ತಾರೆ. ನಾವು “ಅದೂ ನಿಮ್ಮ ಅಹಂಕಾರವೇ” ಅನ್ನುತ್ತೇವೆ. ಅವರ ತಪ್ಪಿನ ಪಟ್ಟಿಗೆ ಇನ್ನೊಂದು ಸೇರಿತು ಅಷ್ಟೇ. ಬೌದ್ಧ ಗುಂಪುಗಳಲ್ಲಿ ಇದು ಜಾಸ್ತಿ ನಡೆಯುತ್ತದೆ. ಯಾರಾದರೂ ನೋವು ಹೇಳಿಕೊಂಡರೆ ಸಾಕು, ಅದಕ್ಕೊಂದು ಪಾಲಿ ಹೆಸರು ಹುಡುಕಿ ಅವರ ಕೈಗೆ ಕೊಟ್ಟುಬಿಡುತ್ತೇವೆ.

ಹಿಂದಿನ ಬೆಂಚು

ತುಂತುರು ಹೇಳಿದ್ದು ನಿಜ. ಮೊದಲ ಉತ್ತರ ಓದಿದ ತಕ್ಷಣ ಅನ್ನಿಸಿದ್ದು ಅದೇ: “ನೋಡು, ಸರಿಯಾಗಿ ಕೀಳರಿಮೆ ಪಡಲೂ ನಿನಗೆ ಬರುವುದಿಲ್ಲ.” :)

ಆದರೆ ಅನಾಗಾಮಿಯಲ್ಲೂ ಇರುತ್ತದೆ ಅನ್ನುವ ಮಾತು ಸಮಾಧಾನ ಕೊಟ್ಟಿತು. ಪಾಲಿಪ್ರಿಯ ಅವರೇ, ಬೇಜಾರು ಮಾಡಿಕೊಳ್ಳಬೇಡಿ.

ನಿಧಾನ

ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಎರಡು ಪ್ರಸಂಗ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲನೆಯದು ಬುದ್ಧನ ಶಿಷ್ಯ ಚೂಳಪಂಥಕ. ಕಥೆ ತುಂಬ ಜನರಿಗೆ ಗೊತ್ತು, ಆದರೆ ಅದನ್ನು ಹೇಳುವ ರೀತಿ ನನಗೆ ಅಷ್ಟು ಹಿಡಿಸುವುದಿಲ್ಲ. ಅಣ್ಣ ಮಹಾಪಂಥಕ ಒಂದು ಗಾಥೆ ಕೊಟ್ಟ. ನಾಲ್ಕು ತಿಂಗಳಾದರೂ ತಮ್ಮನಿಗೆ ಬಾಯಿಪಾಠ ಆಗಲಿಲ್ಲ. “ನಿನ್ನ ಕೈಲಿ ಆಗುವುದಿಲ್ಲ, ಮನೆಗೆ ಹೋಗು” ಅಂತ ಅಣ್ಣನೇ ಹೊರಗೆ ಹಾಕಿದ. ಹಿರಿಯ ಭಿಕ್ಷುಗಳ ಪದ್ಯಗಳಿರುವ ಥೇರಗಾಥೆಯಲ್ಲಿ ಚೂಳಪಂಥಕನೇ ಇದನ್ನು ಹೇಳಿಕೊಳ್ಳುತ್ತಾನೆ. ನಾನು ನಿಧಾನ, ಹಿಂದೆ ಎಲ್ಲರೂ ನನ್ನನ್ನು ಕೀಳಾಗಿ ಕಂಡರು, ಅಣ್ಣ ಹೊರಗೆ ದಬ್ಬಿದ, ಆದರೂ ಆಸೆ ಬಿಡದೆ ಬಾಗಿಲ ಹತ್ತಿರ ನಿಂತಿದ್ದೆ ಅನ್ನುತ್ತಾನೆ. ಆಗ ಬುದ್ಧ ಬಂದು ತಲೆ ಸವರಿ, ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಒಂದು ಬಟ್ಟೆಯ ತುಂಡು ಕೊಟ್ಟು ಅದರ ಮೇಲೆ ಮನಸ್ಸಿಡಲು ಹೇಳಿದ.

ಗಮನಿಸಿ, “ನೀನು ದಡ್ಡ ಅಲ್ಲ, ತುಂಬಾ ಬುದ್ಧಿವಂತ” ಅಂತ ಬುದ್ಧ ಎಲ್ಲೂ ಹೇಳುವುದಿಲ್ಲ. ಸುಳ್ಳು ಧೈರ್ಯ ತುಂಬಲಿಲ್ಲ. ಆ ಭಾವನೆಯ ಜೊತೆ ವಾದಕ್ಕೂ ಇಳಿಯಲಿಲ್ಲ. ಪಾಠ ಬದಲಿಸಿದ. ಬಾಯಿಪಾಠ ಈ ಹುಡುಗನ ದಾರಿ ಅಲ್ಲ, ಕೈಯಲ್ಲಿ ಹಿಡಿದು ಉಜ್ಜುತ್ತಾ ನೋಡುವುದು ಇವನ ದಾರಿ. ಅದು ದಡ್ಡರಿಗೆ ಇಟ್ಟ ಕಡಿಮೆ ದರ್ಜೆಯ ಪಾಠವೂ ಅಲ್ಲ. ಅವನು ಅರಹಂತನಾದ. ಅಂಗುತ್ತರ ನಿಕಾಯದ ಅಗ್ರಶಿಷ್ಯರ ಪಟ್ಟಿಯಲ್ಲಿ, ಮನೋಮಯ ಕಾಯ, ಅಂದರೆ ಮನಸ್ಸಿನಿಂದಲೇ ಆದ ದೇಹ, ನಿರ್ಮಿಸುವವರಲ್ಲಿ ಮೊದಲಿಗ ಅಂತ ಅವನ ಹೆಸರಿದೆ.

ಎರಡನೆಯದು ಅನುರುದ್ಧ. ಇವನು ತದ್ವಿರುದ್ಧ, ಬಹಳ ಸಾಧಿಸಿದವನು. ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತನ ಹತ್ತಿರ ಬಂದು ಮೂರು ಮಾತು ಹೇಳುತ್ತಾನೆ. ದಿವ್ಯದೃಷ್ಟಿಯಿಂದ ಸಾವಿರ ಲೋಕ ನೋಡಬಲ್ಲೆ. ನನ್ನ ಪ್ರಯತ್ನ ಗಟ್ಟಿಯಾಗಿದೆ, ಮನಸ್ಸು ಒಂದೆಡೆ ನಿಂತಿದೆ. ಆದರೂ ನನಗೆ ಬಿಡುಗಡೆ ಸಿಕ್ಕಿಲ್ಲ. ಅದಕ್ಕೆ ಸಾರಿಪುತ್ತ ಹೇಳುವುದು: ಸಾವಿರ ಲೋಕ ನೋಡುತ್ತೇನೆ ಅನ್ನುವುದು ನಿನ್ನ ಮಾನ. ಪ್ರಯತ್ನ ಗಟ್ಟಿಯಾಗಿದೆ ಅನ್ನುವುದು ನಿನ್ನ ಚಡಪಡಿಕೆ. ಇನ್ನೂ ಬಿಡುಗಡೆ ಸಿಕ್ಕಿಲ್ಲ ಅನ್ನುವುದು ನಿನ್ನ ಕುಕ್ಕುಚ್ಚ, ಅಂದರೆ ಮನಸ್ಸು ತನ್ನನ್ನೇ ಕೊರೆದುಕೊಳ್ಳುವುದು. ಈ ಮೂರನ್ನೂ ಬಿಟ್ಟು ಅಮೃತದ, ಅಂದರೆ ಸಾವಿಲ್ಲದ ನಿರ್ವಾಣದ, ಕಡೆ ಮನಸ್ಸು ತಿರುಗಿಸು.

“ಇನ್ನೂ ನನಗೆ ಏನೂ ಆಗಲಿಲ್ಲ” ಅನ್ನುವ ಕೊರಗಿಗೆ ಇಲ್ಲಿ ನೇರವಾಗಿ ಹೆಸರಿಟ್ಟಿದ್ದಾರೆ. ಆದರೆ ಹೆಸರಿಟ್ಟಿದ್ದು ತಾನೇ ಹುಡುಕಿಕೊಂಡು ಬಂದು ಕೇಳಿದ ಗೆಳೆಯನಿಗೆ. ಬಾಗಿಲಲ್ಲಿ ನಿಂತಿದ್ದ ಚೂಳಪಂಥಕನಿಗೆ ಮಾನದ ಮೂರು ಬಗೆ ಹೇಳಲಿಲ್ಲ. ಅವನಿಗೆ ಬೇಕಾಗಿದ್ದು ತೋಳು ಹಿಡಿಯುವ ಕೈ. ಪಾಲಿಪ್ರಿಯ ಮತ್ತು ತುಂತುರು ನಡುವಿನ ಜಗಳಕ್ಕೆ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಸೀದಾಸಾದಾ

ಇದಕ್ಕೆ ಆನಂದನನ್ನೂ ಸೇರಿಸಿ. ಬುದ್ಧನ ಮಾತನ್ನೆಲ್ಲ ಕೇಳಿ ನೆನಪಿಟ್ಟುಕೊಂಡವನು ಅವನೇ. ಸುತ್ತಗಳು ನಮಗೆ ಸಿಕ್ಕಿದ್ದೇ ಅವನ ನೆನಪಿನಿಂದ ಅನ್ನುತ್ತದೆ ಪರಂಪರೆ. ಆದರೂ ಬುದ್ಧ ತೀರಿಕೊಂಡಾಗ ಅವನು ಅರಹಂತ ಆಗಿರಲಿಲ್ಲ. ಬುದ್ಧನ ಮಾತುಗಳನ್ನು ಒಟ್ಟುಗೂಡಿಸಲು ಭಿಕ್ಷುಗಳು ರಾಜಗೃಹದಲ್ಲಿ ಸೇರಿದ ಸಭೆ, ಅಂದರೆ ಮೊದಲ ಸಂಗೀತಿಯ, ಹಿಂದಿನ ರಾತ್ರಿ, ಇನ್ನೇನು ಮಲಗಬೇಕು ಅನ್ನುವಾಗ ಆಯಿತು.

ಒಂದು ಗಾಥೆ ಬಾಯಿಪಾಠ ಆಗದವನಿಗೆ ಬೇಗ, ಎಲ್ಲವೂ ಬಾಯಿಪಾಠ ಇದ್ದವನಿಗೆ ತಡ. ಗುಂಪಿನಲ್ಲಿ ಪಟಪಟ ಪಾಲಿ ಉದುರಿಸುವವರನ್ನು ನೋಡಿದಾಗ ಇದನ್ನು ನೆನಪಿಟ್ಟುಕೊಳ್ಳಿ.

ಪಾಲಿಪ್ರಿಯ

ಕೊನೆಯ ಸಾಲು ನನಗೇ ಅಂತ ಗೊತ್ತಾಯಿತು, ಬಿಡಿ. :)

ಗಡಿಯಾಚೆ

ಥೇರವಾದದ, ಅಂದರೆ ಪಾಲಿ ಗ್ರಂಥಗಳ ಪರಂಪರೆಯ, ಮಾತು ಬಹಳ ಆಯಿತು. ಮಹಾಯಾನದಲ್ಲಿ ಈ ವಿಷಯಕ್ಕೆ ಇನ್ನೂ ದೊಡ್ಡ ಜಾಗ ಇದೆ.

ಶಾಂತಿದೇವ ಅನ್ನುವ ಭಿಕ್ಷು, 8ನೇ ಶತಮಾನ, ನಾಳಂದ. ಬೋಧಿಚರ್ಯಾವತಾರದ ಏಳನೇ ಅಧ್ಯಾಯ ವೀರ್ಯದ, ಅಂದರೆ ಉತ್ಸಾಹದ ಪ್ರಯತ್ನದ, ಬಗ್ಗೆ. ಅಲ್ಲಿ ಸೋಮಾರಿತನದ ಜೊತೆಯಲ್ಲೇ ಎದೆಗುಂದುವುದನ್ನು, ತನ್ನನ್ನು ತಾನೇ ಕೀಳಾಗಿ ಕಾಣುವುದನ್ನು ಇಡುತ್ತಾನೆ. ಟಿಬೆಟ್ಟಿನವರು ಇದನ್ನೇ ಸೋಮಾರಿತನದ ಒಂದು ಬಗೆ ಅಂತ ಪಾಠ ಮಾಡುತ್ತಾರೆ. “ನನಗೆಲ್ಲಿ ಬೋಧಿ” ಅಂತ ಕುಗ್ಗಬೇಡ, ನೊಣ, ಸೊಳ್ಳೆ, ಹುಳುಗಳಿಗೂ ಪ್ರಯತ್ನದಿಂದ ಅದು ಸಾಧ್ಯ ಅಂತ ಬುದ್ಧರೇ ಹೇಳಿದ್ದಾರೆ ಅನ್ನುತ್ತಾನೆ. ಮುಂದೆ ಅದೇ ಅಧ್ಯಾಯದಲ್ಲಿ ಮಾನವನ್ನೇ ಒಂದು ಕೆಲಸಕ್ಕೆ ಹಚ್ಚುತ್ತಾನೆ. ಜನರ ಎದುರು ಅಲ್ಲ, ಕ್ಲೇಶಗಳ, ಅಂದರೆ ಮನಸ್ಸು ಕೆಡಿಸುವ ದ್ವೇಷ ದುರಾಸೆಗಳ, ಎದುರು ತಲೆ ಎತ್ತಿ ನಿಲ್ಲು ಅಂತ.

ಇನ್ನೊಂದು ಗ್ರಂಥ ರತ್ನಗೋತ್ರವಿಭಾಗ. ಎಲ್ಲರಲ್ಲೂ ಬುದ್ಧಗರ್ಭ, ಅಂದರೆ ಬುದ್ಧನಾಗುವ ಬೀಜ, ಇದೆ ಅಂತ ಯಾಕೆ ಬೋಧಿಸಬೇಕು ಅನ್ನುವ ಪ್ರಶ್ನೆ ಅಲ್ಲಿ ಬರುತ್ತದೆ. ಐದು ದೋಷ ಕಳೆಯುವುದಕ್ಕೆ ಅಂತ ಉತ್ತರ. ಅದರಲ್ಲಿ ಮೊದಲನೆಯದೇ ಕುಗ್ಗಿದ ಮನಸ್ಸು. ಎರಡನೆಯದು ತನಗಿಂತ ಕೆಳಗಿನವರು ಅನ್ನಿಸಿದವರನ್ನು ತಿರಸ್ಕಾರದಿಂದ ನೋಡುವುದು. ಎರಡೂ ಪಕ್ಕಪಕ್ಕದಲ್ಲೇ ಇವೆ ನೋಡಿ.

ಹಾಗೆಯೇ 1990ರಲ್ಲಿ ಧರ್ಮಶಾಲೆಯಲ್ಲಿ ವಿಜ್ಞಾನಿಗಳ ಜೊತೆ ನಡೆದ ಒಂದು ಸಭೆಯಲ್ಲಿ ಶರೋನ್ ಸಾಲ್ಜ್‌ಬರ್ಗ್ ಅನ್ನುವ ಧ್ಯಾನ ಶಿಕ್ಷಕಿ ದಲೈ ಲಾಮಾ ಅವರನ್ನು ಸ್ವದ್ವೇಷದ ಬಗ್ಗೆ ಕೇಳಿದರು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅದೇನು ಅಂತ ದುಭಾಷಿಯನ್ನು ಮತ್ತೆ ಮತ್ತೆ ಕೇಳಿದರಂತೆ.

ತುಂತುರು

ದಲೈ ಲಾಮಾ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಕೊನೆಗೆ “ಪೂರ್ವದವರಿಗೆ ಈ ಕಾಯಿಲೆಯೇ ಇಲ್ಲ” ಅಂತ ಮುಗಿಸುತ್ತಾರೆ. ನೀವು ಹಾಗೆ ಮುಗಿಸಲಿಲ್ಲ, ಸಂತೋಷ. ಆದರೆ ನಿಮ್ಮ ಬರಹದಲ್ಲೇ ಅದಕ್ಕೆ ಉತ್ತರ ಇದೆ. 8ನೇ ಶತಮಾನದಲ್ಲೇ ಶಾಂತಿದೇವ ಇದನ್ನು ಹೆಸರಿಸಿ ಬರೆದಿದ್ದಾನೆ. ಕೇಳುಗರಲ್ಲಿ ಈ ಭಾವನೆ ಇರದಿದ್ದರೆ ಬರೆಯುವ ಅಗತ್ಯ ಏನಿತ್ತು? ಪೂರ್ವ, ಪಶ್ಚಿಮ ಅನ್ನುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

“ಸೋಮಾರಿತನ” ಅನ್ನುವ ಪದಕ್ಕೂ ನನ್ನ ತಕರಾರು ಮೊದಲಿನದೇ. ಹಿಂದಿನ ಬೆಂಚು ಅವರು ಸೋಮಾರಿ ಅಂತ ನನಗೆ ಅನ್ನಿಸುತ್ತಿಲ್ಲ.

ಗಡಿಯಾಚೆ

ಬೈಗುಳವಾಗಿ ತೆಗೆದುಕೊಂಡರೆ ಕೆಟ್ಟದ್ದೇ. ಆದರೆ ಫಲ ನೋಡಿ. ಸೋಮಾರಿಯೂ ಓದುವುದಿಲ್ಲ, “ನನ್ನ ಕೈಲಾಗದು” ಅನ್ನುವವನೂ ಓದುವುದಿಲ್ಲ. ಪುಸ್ತಕ ಎರಡೂ ಕಡೆ ಮುಚ್ಚಿಯೇ ಇರುತ್ತದೆ. ಶಾಂತಿದೇವ ಹೇಳುತ್ತಿರುವುದು ಅಷ್ಟೇ. ಮತ್ತೆ ಅದನ್ನು ಅವನು ಬೇರೆಯವರಿಗೆ ಅನ್ನುತ್ತಿಲ್ಲ, ತನಗೇ ಹೇಳಿಕೊಳ್ಳುತ್ತಿದ್ದಾನೆ. ಇದನ್ನು ನನ್ನ ಮನಸ್ಸಿಗೆ ರೂಢಿ ಮಾಡಿಸಲು ಬರೆಯುತ್ತಿದ್ದೇನೆ ಅಂತ ಗ್ರಂಥದ ಶುರುವಿನಲ್ಲೇ ಅನ್ನುತ್ತಾನೆ.

ಹೊಸ ಚಪ್ಪಲಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಸ್ವಲ್ಪ ಕೀಳರಿಮೆ ಇದ್ದರೆ ಒಳ್ಳೆಯದಲ್ವಾ? ತಗ್ಗಿ ನಡೆಯುವುದನ್ನು ಕಲಿಸುತ್ತದೆ. ಎಲ್ಲಾ ಗೊತ್ತು ಅನ್ನುವವರಿಗಿಂತ ವಾಸಿ.

ನಿಧಾನ

ತಗ್ಗಿ ನಡೆಯುವವರು ಪ್ರಶ್ನೆ ಕೇಳುತ್ತಾರೆ. ಕೀಳರಿಮೆ ಇರುವವರು ಕೇಳುವುದಿಲ್ಲ. ಕೇಳಿದರೆ ದಡ್ಡತನ ಗೊತ್ತಾಗಿಬಿಡುತ್ತದಲ್ಲ ಅನ್ನುವ ಭಯ.

ತಪ್ಪು ಕೆಲಸಕ್ಕೆ ನಾಚುವುದು, ಅದರ ಪರಿಣಾಮಕ್ಕೆ ಹೆದರುವುದು, ಇವು ಹಿರಿ ಮತ್ತು ಒತ್ತಪ್ಪ. ಲೋಕವನ್ನು ಕಾಯುವ ಎರಡು ಗುಣ ಅಂತ ಬುದ್ಧ ಇವನ್ನು ಹೊಗಳಿದ್ದಾನೆ. ಆದರೆ ಆ ನಾಚಿಕೆ ಮಾಡಿದ ಕೆಲಸದ ಬಗ್ಗೆ. “ಇದನ್ನು ಮಾಡಬಾರದಿತ್ತು, ಇನ್ನು ಮಾಡುವುದಿಲ್ಲ” ಅಂತ ಮುಗಿಯುತ್ತದೆ. “ನಾನೇ ಸರಿಯಿಲ್ಲ” ಅನ್ನುವುದಕ್ಕೆ ಮುಗಿಯುವ ಜಾಗವೇ ಇಲ್ಲ. ಅಂಗುಲಿಮಾಲನಷ್ಟು ಕೊಲೆ ಮಾಡಿದವನಿಗೂ ಬುದ್ಧ “ನೀನು ಯೋಗ್ಯನಲ್ಲ” ಅನ್ನಲಿಲ್ಲ. ಜನ ಕಲ್ಲು ತೂರಿದಾಗ ಸಹಿಸಿಕೋ ಅಂದ, ಅಷ್ಟೇ.

ಬೇಲಿ

ಇಷ್ಟು ಹೊತ್ತು ಎಲ್ಲರೂ ಕೀಳರಿಮೆ ಒಳಗಿಂದ ಹುಟ್ಟುತ್ತದೆ ಅಂತಲೇ ಮಾತಾಡಿದಿರಿ. ಬಹಳ ಜನರಿಗೆ ಅದು ಹೊರಗಿನಿಂದ ಬಂದದ್ದು. ಹುಟ್ಟಿದ ಕುಲ ನೋಡಿ, ಹೆಣ್ಣು ಅಂತ ನೋಡಿ, ಹೇಳಿ ಹೇಳಿ ತುಂಬಿದ್ದು. ಅಂಥವರಿಗೆ “ಅಳೆಯುವುದನ್ನು ಬಿಡಿ” ಅಂದರೆ ಏನು ಅರ್ಥ? ಅಳೆದವರು ಬೇರೆಯವರು.

ಬುದ್ಧನ ಸಂಘಕ್ಕೆ ಇದು ಗೊತ್ತಿತ್ತು. ಶಾಕ್ಯ ರಾಜಕುಮಾರರು ಭಿಕ್ಷುಗಳಾಗಲು ಬಂದಾಗ ಅವರ ಕ್ಷೌರಿಕ ಉಪಾಲಿಯೂ ಬಂದ. ಮೊದಲು ಉಪಾಲಿಗೆ ದೀಕ್ಷೆ ಕೊಡಿ, ಆಗ ನಾವು ಅವನಿಗೆ ನಮಸ್ಕರಿಸಬೇಕಾಗುತ್ತದೆ, ನಮ್ಮ ಶಾಕ್ಯ ಸೊಕ್ಕು ಇಳಿಯುತ್ತದೆ ಅಂತ ಆ ರಾಜಕುಮಾರರೇ ಕೇಳಿಕೊಂಡರು. ಮುಂದೆ ಮೊದಲ ಸಂಗೀತಿಯಲ್ಲಿ ವಿನಯದ, ಅಂದರೆ ಸಂಘದ ನಿಯಮಗಳ, ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ್ದು ಇದೇ ಉಪಾಲಿ. ಒಣಗಿದ ಹೂ ಗುಡಿಸುತ್ತಿದ್ದ ಸುನೀತನ ಗಾಥೆಗಳು ಥೇರಗಾಥೆಯಲ್ಲಿವೆ. ಜನ ನನ್ನನ್ನು ಕಂಡು ಅಸಹ್ಯಪಡುತ್ತಿದ್ದರು ಅಂತ ಅವನೇ ಹೇಳಿಕೊಳ್ಳುತ್ತಾನೆ.

ನನಗೆ ತುಂಬಾ ಇಷ್ಟ ಸೋಮಾ ಥೇರಿ ಅನ್ನುವ ಭಿಕ್ಷುಣಿ. ಕಾಡಿನಲ್ಲಿ ಕೂತಿದ್ದಾಗ ಸಾಧಕರ ದಾರಿ ತಪ್ಪಿಸುವ ಮಾರ ಬಂದು, ಋಷಿಗಳಿಗೇ ಕಷ್ಟವಾದದ್ದು ಎರಡು ಬೆರಳಿನ ಬುದ್ಧಿಯ ಹೆಂಗಸಿಗೆ ಸಿಗುತ್ತದಾ ಅಂತ ಹಂಗಿಸುತ್ತಾನೆ. ಅವಳು “ಹೆಂಗಸರೂ ಗಂಡಸರಷ್ಟೇ ಸಮರ್ಥರು” ಅಂತ ವಾದ ಹೂಡುವುದಿಲ್ಲ. ಮನಸ್ಸು ನೆಟ್ಟಗೆ ನಿಂತ ಮೇಲೆ ಹೆಣ್ತನ ಏನು ಮಾಡುತ್ತದೆ? “ನಾನು ಹೆಣ್ಣು”, “ನಾನು ಗಂಡು”, “ನಾನು ಇಂಥದ್ದು” ಅಂತ ಯಾರು ಅಂದುಕೊಳ್ಳುತ್ತಾರೋ ಅವರ ಹತ್ತಿರ ಹೋಗಿ ಮಾತಾಡು ಅನ್ನುತ್ತಾಳೆ. ಪಾಲಿಪ್ರಿಯ ಹೇಳಿದ “ನಾನು” ಅನ್ನುವ ಮಾನ ಇಲ್ಲಿದೆ, ಆದರೆ ಅವಳು ಅದನ್ನು ಅಳೆಯಲು ಬಂದವನ ಮುಖಕ್ಕೆ ಎಸೆದಳು.

ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ತಮ್ಮ ಜನರಿಗೆ 22 ಪ್ರತಿಜ್ಞೆ ಕೊಟ್ಟರು. ಅವರು “ಮೊದಲು ಕೀಳರಿಮೆ ಕಳೆದುಕೊಳ್ಳಿ, ಆಮೇಲೆ ಬನ್ನಿ” ಅನ್ನಲಿಲ್ಲ. ಅದನ್ನು ಹೇರಿದ ವ್ಯವಸ್ಥೆಯಿಂದ ಹೊರಗೆ ಕಾಲಿಡುವುದೇ ಅಲ್ಲಿ ಧಮ್ಮದ ಮೊದಲ ಪಾಠವಾಗಿತ್ತು.

ತುಂತುರು

ಬೇಲಿ ಅವರೇ, ಈ ಚರ್ಚೆಯಲ್ಲಿ ಬೇಕಾಗಿದ್ದ ಮಾತು ಇದು.

ಪಾಲಿಪ್ರಿಯ

ಒಪ್ಪಿದೆ. ನಾನು ಮಾನದ ಪಟ್ಟಿ ಹೇಳಿದ್ದು ಓದುವವರು ತಮ್ಮ ಮನಸ್ಸಿಗೆ ಹಚ್ಚಿ ನೋಡಿಕೊಳ್ಳಲಿ ಅಂತ. ಯಾರದೋ ಮೇಲೆ ಹೊರಿಸಲು ಅದು ಬರುವುದಿಲ್ಲ.

ಅಮಾವಾಸ್ಯೆ

ಜಪಾನಿನ ಒಂದು ದನಿಯೂ ಇರಲಿ. 13ನೇ ಶತಮಾನದ ಬೌದ್ಧ ಗುರು ಶಿನ್‌ರಾನ್ ತನ್ನನ್ನು “ಬೋಳುತಲೆಯ ಮೂಢ” ಅಂತ ಕರೆದುಕೊಂಡ. ನನ್ನ ಕೈಲಿ ಯಾವ ಸಾಧನೆಯೂ ಆಗುವುದಿಲ್ಲ ಅನ್ನುವುದೇ ಅವನ ದಾರಿಯ ಬಾಗಿಲು. ಎಲ್ಲರನ್ನೂ ಪಾರುಮಾಡುತ್ತೇನೆ ಅನ್ನುವ ಅಮಿದಾ ಬುದ್ಧನ ವಚನ ಇರುವುದೇ ಇಂಥವರಿಗಾಗಿ ಅಂತ ಅವನ ನಂಬಿಕೆ. ಅಲ್ಲಿ “ನಾನು ಅಯೋಗ್ಯ” ಅನ್ನುವ ಮಾತು ಓದು ನಿಲ್ಲಿಸುವುದಿಲ್ಲ, ಶುರು ಮಾಡಿಸುತ್ತದೆ. ಬೇರೆಯವರ ಜೊತೆ ಹೋಲಿಸಿ ಬಂದ ಮಾತು ಅಲ್ಲವಲ್ಲ ಅದು. ಎಲ್ಲರೂ ಅದೇ ದೋಣಿಯಲ್ಲಿದ್ದಾರೆ.

ಸೀದಾಸಾದಾ

ಸಿದ್ಧಾಂತ ಸಾಕು, ಕೆಲಸಕ್ಕೆ ಬರುವುದು ನಾಲ್ಕು ಮಾತು ಹೇಳುತ್ತೇನೆ.

ಗುಂಪಿನಲ್ಲಿ “ಈ ಪದ ನನಗೆ ಗೊತ್ತಿಲ್ಲ, ಹೇಳ್ತೀರಾ” ಅಂತ ಕೇಳಿ. ಹತ್ತು ಜನ ಇದ್ದರೆ ಅದರಲ್ಲಿ ಕೆಲವರಿಗಾದರೂ ಗೊತ್ತಿರುವುದಿಲ್ಲ. ಕೇಳಿದ್ದಕ್ಕೆ ಯಾರಾದರೂ ನಕ್ಕರೆ ಗುಂಪು ಬದಲಿಸಿ, ಧರ್ಮ ಬದಲಿಸಬೇಕಾಗಿಲ್ಲ. ಧ್ಯಾನದ ಅನುಭವ ಹೇಳಿಕೊಳ್ಳುವ ಗುಂಪಾದರೆ ಇನ್ನೂ ಹುಷಾರು. ಅಲ್ಲಿ ನಾವು ನಮ್ಮ ಒಳಗನ್ನು ಅವರ ಮಾತಿನ ಜೊತೆ ಹೋಲಿಸುತ್ತೇವೆ. ಅವರ ಒಳಗೆ ಏನಿದೆ ಅಂತ ನಮಗೇನು ಗೊತ್ತು?

“ಏನೂ ಮುಂದೆ ಹೋಗುತ್ತಿಲ್ಲ” ಅನ್ನಿಸಿದಾಗ ಸಂಯುತ್ತ ನಿಕಾಯದ ಬಡಗಿಯ ಮಾತು ನೆನಪಿರಲಿ. ಬಾಚಿಯ ಹಿಡಿಯಲ್ಲಿ ಬೆರಳಿನ ಗುರುತು ಮೂಡಿರುತ್ತದೆ. ಆದರೆ ಇವತ್ತು ಎಷ್ಟು ಸವೆಯಿತು, ನಿನ್ನೆ ಎಷ್ಟು ಸವೆಯಿತು ಅಂತ ಬಡಗಿಗೆ ತಿಳಿಯುವುದಿಲ್ಲ. ಸವೆದ ಮೇಲೆ ಸವೆದಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು. “ನಾನು ಯಾವುದಕ್ಕೂ ಬಾರದವ” ಅನ್ನುವುದು ಇಡೀ ದಿನ ಬಿಡದೆ ಕಾಡುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಅದನ್ನು ಸುತ್ತ ಓದಿ ಸರಿ ಮಾಡಲು ಹೋಗಬೇಡಿ. ಡಾಕ್ಟರ ಹತ್ತಿರ ಹೋಗಿ. ಓದು ಆಮೇಲೂ ಇರುತ್ತದೆ. ಉದ್ದದ ಮೌನ ಶಿಬಿರಕ್ಕಂತೂ ಆ ಸ್ಥಿತಿಯಲ್ಲಿ ಹೋಗಲೇಬೇಡಿ.

ಹಿಂದಿನ ಬೆಂಚು

ಎಲ್ಲರಿಗೂ ಥ್ಯಾಂಕ್ಸ್. ನಿದ್ದೆ ಊಟ ಸರಿಯಾಗಿದೆ, ಚಿಂತೆ ಬೇಡ. :)

ಒಂದು ಅನುಮಾನ ಉಳಿದಿದೆ. ಅಳೆಯುವುದನ್ನು ಬಿಡಬೇಕು ಅನ್ನುವುದು ಗೊತ್ತಾಯಿತು. ಆದರೆ ಅದು ಅಷ್ಟು ಸುಲಭಕ್ಕೆ ಬಿಡುವುದಿಲ್ಲವಲ್ಲ. ಚೂಳಪಂಥಕನ ಕಥೆ ಓದುವಾಗಲೂ “ಅವನಿಗೆ ಬುದ್ಧ ಸಿಕ್ಕಿದ, ನನಗೆ ಯಾರು?” ಅಂತ ಅಲ್ಲೂ ಹೋಲಿಕೆ ಶುರುವಾಯಿತು.

ಪಾಲಿಪ್ರಿಯ

ಇದಕ್ಕೆ ಆನಂದನ ಒಂದು ಸುತ್ತ ಇದೆ. ಈ ಸಲ ಹೊಡೆಯುವ ಕೋಲಾಗಿ ಹೇಳುತ್ತಿಲ್ಲ, ನಿಜವಾಗಲೂ.

ಅಂಗುತ್ತರ ನಿಕಾಯದ ಚತುಕ್ಕ ನಿಪಾತದಲ್ಲಿ, ಅಂದರೆ ನಾಲ್ಕರ ಭಾಗದಲ್ಲಿ, ಒಬ್ಬ ಭಿಕ್ಷುಣಿಗೆ ಆನಂದ ಹೇಳುವ ಮಾತು. ಮಾನವನ್ನು ಆಸರೆ ಮಾಡಿಕೊಂಡೇ ಮಾನವನ್ನು ಬಿಡಬೇಕು ಅನ್ನುತ್ತಾನೆ. ಹೇಗೆ? ಇಂಥ ಭಿಕ್ಷು ಮುಕ್ತನಾದ ಅಂತ ಸುದ್ದಿ ಬರುತ್ತದೆ. ಕೇಳಿದವನು “ಅವನಿಗೆ ಆಯಿತು ಅಂದರೆ ನನಗೆ ಯಾಕಾಗಬಾರದು?” ಅಂದುಕೊಳ್ಳುತ್ತಾನೆ. ಇದೂ ಹೋಲಿಕೆಯೇ. ಆದರೆ ಇದು ಪುಸ್ತಕ ತೆರೆಸುವ ಹೋಲಿಕೆ. ಮುಂದೆ ಒಂದು ದಿನ ಅದೂ ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಬಳಸಿಕೊಳ್ಳಿ. ಬಾಹಿಯನ ಕಥೆಯನ್ನು ಈ ಮಾತು ಇಟ್ಟುಕೊಂಡು ಮತ್ತೊಮ್ಮೆ ಓದಿ ನೋಡಿ.

ಗಡಿಯಾಚೆ

ಶಾಂತಿದೇವ ಮಾನವನ್ನು ಕೆಲಸಕ್ಕೆ ಹಚ್ಚಿದ ಅಂದೆನಲ್ಲ, ಅದರ ಬೇರು ಇಲ್ಲೇ ಇದೆ ಅನ್ನಿಸುತ್ತದೆ.

ಹಿಂದಿನ ಬೆಂಚು

“ನನಗೆ ಯಾಕಾಗಬಾರದು” ಅನ್ನುವುದು ನನ್ನ ಬಾಯಲ್ಲಿ ಇನ್ನೂ ಸಲೀಸಾಗಿ ಬರುವುದಿಲ್ಲ. ಆದರೆ ಕೇಳುವುದಕ್ಕೆ ಚೆನ್ನಾಗಿದೆ. ಅನುರುದ್ಧನ ಆ ಸುತ್ತ ಎಲ್ಲಿದೆ? ಮುಂದಿನ ಸಲ ಗುಂಪಿನಲ್ಲಿ ಅದನ್ನೇ ಓದೋಣ ಅಂತ ಕೇಳಬೇಕು ಅಂದುಕೊಂಡಿದ್ದೇನೆ. ನಾನೇ.

ನಿಧಾನ

ಅಂಗುತ್ತರ ನಿಕಾಯ, ತಿಕ ನಿಪಾತ, ಅಂದರೆ ಮೂರರ ಭಾಗ. ಚಿಕ್ಕದು, ಒಂದು ಪುಟ ಕೂಡ ಇಲ್ಲ. ಅನುರುದ್ಧನ ಹೆಸರಿನಲ್ಲಿ ಅಲ್ಲಿ ಎರಡು ಸುತ್ತ ಇವೆ, ಸಾರಿಪುತ್ತ ಬರುವುದನ್ನು ನೋಡಿಕೊಳ್ಳಿ.

ಸೀದಾಸಾದಾ

ಗುಂಪಿನಲ್ಲಿ ಯಾರಾದರೂ “ಸಾವಿರ ಲೋಕ ಅಂದರೆ ಏನು” ಅಂತ ಕೇಳಿದರೆ ಗೊತ್ತಿಲ್ಲ ಅನ್ನಿ. ನಮಗೂ ಗೊತ್ತಿಲ್ಲ. ಪಾಲಿಪ್ರಿಯ ಅವರು ಬೇಕಾದರೆ ಅದಕ್ಕೆ ಬೇರೆ ಚರ್ಚೆ ತೆರೆಯಲಿ.